ಮಳೆಯ ಅನಿಶ್ಚಯವೂ ತರುಣ ಸಂಸಾರಿಯ ಕಾಯಕವೂ

ಶರಣರು ಕೈಕೊಂಡ ಕಾಯಕಗಳು ಹಲವು. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದರು. ಆಯ್ದಕ್ಕಿ ಮಾರಯ್ಯನವರು ನೆಲದ ಮೇಲೆ ಬಿದ್ದ ಅಕ್ಕಿಯನ್ನು ಆಯ್ದರು. ಒಕ್ಕಲಿಗ ಮುದ್ದಣ್ಣನವರು ಹೊಲವನ್ನು ಉತ್ತು ಬಿತ್ತಿದರು. ಕಾಯಕಗಳಲ್ಲಿ ಮೇಲುಕೀಳಿಲ್ಲವೆಂಬುದು ಶರಣಧರ್ಮದ ನಿರ್ಣಯವಷ್ಟೆ. ಆದರೂ ಒಕ್ಕಲುತನಕ್ಕೆ ಒಂದು ವಿಶೇಷವಾದ ಕಷ್ಟವುಂಟು. ಹಗ್ಗ ಹೊಸೆದವನಿಗೆ ಸಂಜೆಯ ಹೊತ್ತಿಗೆ ಹಗ್ಗವು ಕೈಯಲ್ಲಿರುವುದು. ಅದನ್ನು ಮಾರಿ ಅಂದಿನ ದಾಸೋಹವನ್ನು ಅಂದೇ ನಡೆಸಬಹುದು. ಒಕ್ಕಲಿಗನಾದರೋ ಬಿತ್ತಿದ ಮೂರು ನಾಲ್ಕು ತಿಂಗಳ ಮೇಲೆ ಫಲವನ್ನು ಕಾಣತಕ್ಕವನು. ಆ ನಡುವಿನ ಕಾಲವೆಲ್ಲ ಅವನು ನಂಬಿರುವುದು ತನ್ನ ಕೈಯಲ್ಲಿಲ್ಲದ ಮಳೆಯನ್ನು. ಕಾಯಕವು ಅವನದು, ಕಾಲವು ಅವನದಲ್ಲ.

ಈ ಕಷ್ಟವು ಎಲ್ಲ ಒಕ್ಕಲು ಮನೆಗಳಿಗೂ ಸಮನಾಗಿದ್ದರೂ ಹೊಸದಾಗಿ ಸಂಸಾರ ಹೂಡಿದವರಿಗೆ ಅದು ಹೆಚ್ಚಾಗಿ ತಾಗುವುದು. ಹಿರಿಯರು ನಾಲ್ಕಾರು ಬರಗಳನ್ನೂ ಒಂದೆರಡು ಮಹಾಪೂರಗಳನ್ನೂ ಕಂಡುಂಡು, ಹೋದ ಮಳೆ ಮತ್ತೆ ಬರುವುದೆಂಬುದನ್ನು ಅನುಭವದಿಂದ ಬಲ್ಲರು. ತರುಣ ದಂಪತಿಗಳಿಗೆ ಆ ಅನುಭವವಿಲ್ಲ. ಮೊದಲನೆಯ ಕೂಸು ತೊಟ್ಟಿಲಲ್ಲಿದೆ, ಮದುವೆಯ ಸಾಲ ತೀರಿಲ್ಲ, ಹೊಲವು ಪಾಲಿಗೆ ಬಂದು ಒಂದೆರಡು ವರ್ಷವಾಗಿದೆ. ಅಷ್ಟರಲ್ಲಿ ಮಳೆ ಕೈಕೊಟ್ಟರೆ ಲೋಕವೇ ಮುಗಿಯಿತೆಂದು ಅವರಿಗೆ ತೋರುವುದು ಆಶ್ಚರ್ಯವಲ್ಲ. ಇಂಥವರಿಗೆ ಶರಣರ ಬೋಧೆಯಲ್ಲಿ ಏನುಂಟೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಮೊದಲು ಸಂಗತಿಯನ್ನು ಸಂಗತಿಯಾಗಿಯೇ ನೋಡಬೇಕು. 2023ರ ವೈಶಾಖದಲ್ಲಿ ಮದುವೆಯಾಗಿ, ವಿಜಯಪುರ ಜಿಲ್ಲೆಯ ಭೀಮಾ ತೀರದಲ್ಲಿ ಐದಾರು ಎಕರೆ ಎರೆ ಹೊಲವನ್ನು ನಂಬಿ ಬಾಳು ಆರಂಭಿಸಿದ ಒಂದು ಜೋಡಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳೋಣ. ಕೇರಳದ ತೀರವನ್ನು ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 1. ಆ ವರ್ಷ ಅದು ಮುಟ್ಟಿದ್ದು ಜೂನ್ 8ರಂದು. ತಡವಾಗಿ ಬಂದ ಮಳೆ ಜುಲೈಯಲ್ಲಿ ಆಸೆ ಹುಟ್ಟಿಸಿ ಆಗಸ್ಟಿನಲ್ಲಿ ಪೂರ್ತಿಯಾಗಿ ಕೈಬಿಟ್ಟಿತು. ಇಡೀ ದೇಶದಲ್ಲಿ 1901ರಿಂದೀಚೆಗೆ ಅಷ್ಟು ಒಣಗಿದ ಆಗಸ್ಟ್ ತಿಂಗಳು ಬಂದಿರಲಿಲ್ಲ. ಮಘೆಯ ಮಳೆ ಬಂದಷ್ಟೂ ಒಳ್ಳೆಯದು, ಮನೆಯ ಮಗ ಉಂಡಷ್ಟೂ ಒಳ್ಳೆಯದು ಎಂದು ನಮ್ಮ ಉತ್ತರದ ಸೀಮೆಯಲ್ಲಿ ಗಾದೆಯುಂಟು. ಆ ಮಘೆಯೇ ಬರಿದಾಗಿ ಹೋಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಸರಕಾರವು ಬರಪೀಡಿತವೆಂದು ಸಾರಬೇಕಾಯಿತು. ಮರುವರ್ಷ, 2024ರಲ್ಲಿ, ಮುಂಗಾರು ವಾಡಿಕೆಗಿಂತ ಹೆಚ್ಚಾಗಿಯೇ ಸುರಿಯಿತು. ಅದರ ಮರುವರ್ಷ, 2025ರಲ್ಲಿ, ಮೇ 24ರಂದೇ ಮುಂಗಾರು ಕೇರಳಕ್ಕೆ ಬಂದಿತು; ನೆಲ ಹದಮಾಡಿಕೊಳ್ಳಲೂ ಬಿಡುವಿಲ್ಲದಂತಾಯಿತು. ಅದೇ ಸೆಪ್ಟೆಂಬರಿನ ಕೊನೆಯಲ್ಲಿ ಭೀಮೆಗೆ ಮಹಾಪೂರ ಬಂದು ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ನದೀತೀರದಲ್ಲಿ ನಿಂತ ಬೆಳೆ ನೀರುಪಾಲಾಯಿತು. ಮೂರು ವರ್ಷಗಳಲ್ಲಿ ಮೂರು ಮುಖ! ಹಿರಿಯರ ಕಾಲದಲ್ಲಿಯೂ ಮಳೆ ಏರುಪೇರಾಗುತ್ತಿತ್ತು. ಆದರೆ ಕೂಸು ನಡೆಯಲು ಕಲಿಯುವಷ್ಟರೊಳಗೆ ಬರವನ್ನೂ ಪ್ರವಾಹವನ್ನೂ ಕಾಣುವಂಥ ಸಂಸಾರಗಳು ಈಗ ಹೆಚ್ಚುತ್ತಿವೆ.

ಇದಕ್ಕೆ ಕಾರಣವೇನು? ವಿಜಯಪುರದ ಸೀಮೆ ಸಹ್ಯಾದ್ರಿಯ ಹಿಂದಿನ ಮಳೆನೆರಳಿನಲ್ಲಿದೆ. ಕಡಲಿನಿಂದ ಬಂದ ಮೋಡಗಳು ಘಟ್ಟವನ್ನು ಏರುವಾಗಲೇ ತಮ್ಮ ಭಾರವನ್ನು ಇಳಿಸಿಬಿಡುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಸುರಿದರೆ, ವಿಜಯಪುರಕ್ಕೆ ಬರುವುದು 600 ಮಿಲಿಮೀಟರಿನ ಆಸುಪಾಸು. ಅಷ್ಟು ಸ್ವಲ್ಪದಲ್ಲಿ ಎರಡು ಮಳೆ ತಪ್ಪಿದರೂ ವರ್ಷವೇ ತಪ್ಪಿದಂತೆ. ಇದರ ಮೇಲೆ ಇನ್ನೊಂದು ಸಂಗತಿಯುಂಟು. ಕೆಲವು ವರ್ಷಗಳಿಗೊಮ್ಮೆ ಶಾಂತಸಾಗರದ ನಡುಭಾಗದ ಮೇಲ್ನೀರು ವಾಡಿಕೆಗಿಂತ ಹೆಚ್ಚು ಕಾಯುವುದು. ಇದಕ್ಕೆ ಎಲ್ ನಿನೋ ಎಂದು ಹೆಸರು. ಹಾಗೆ ಕಾದ ವರ್ಷಗಳಲ್ಲಿ ನಮ್ಮ ಮುಂಗಾರು ಬಹಳ ಸಲ ಸೊರಗುವುದುಂಟು. 2023 ಅಂಥ ವರ್ಷ. ಭೂಮಂಡಲವೇ ಕಾವೇರುತ್ತಿರುವುದರಿಂದ ಗಾಳಿಯು ಹೆಚ್ಚು ನೀರಾವಿಯನ್ನು ಹಿಡಿದಿಟ್ಟು, ಬಂದಾಗ ಒಮ್ಮೆಗೇ ಸುರಿದು, ನಡುವೆ ಬಹುದಿನ ಮುಖ ತೋರದಿರುವುದೂ ಹೆಚ್ಚಾಗಿದೆ.

ವಚನಬೋಧೆಯ ಮಾಸಿಕದಲ್ಲಿ ಶಾಂತಸಾಗರದ ಮಾತು ಏತಕ್ಕೆಂದು ಸದ್ಭಕ್ತರು ಕೇಳಬಹುದು. ಅದಕ್ಕೆ ಪ್ರಬಲವಾದ ಕಾರಣವಿದೆ. ಮಳೆ ತಪ್ಪಿದಾಗ ನಮ್ಮ ಮನೆಗಳಲ್ಲಿ ಅದರ ಕಾರಣವನ್ನು ಹುಡುಕುವುದು ಕಡಲಿನಲ್ಲಲ್ಲ. ಹೊಸದಾಗಿ ಬಂದ ಸೊಸೆಯ ಕಾಲಿನಲ್ಲಿ.

ಈ ಮಾತನ್ನು ಮರೆಮಾಚದೆ ಹೇಳುವುದು ಅವಶ್ಯವಾಗಿದೆ. ಸೊಸೆ ಹೊಸ್ತಿಲು ದಾಟಿದ ವರ್ಷ ಮಳೆ ಹಿಡಿಯಲಿಲ್ಲವೆಂದರೆ ಅವಳ ಕಾಲ್ಗುಣ ಸರಿಯಿಲ್ಲವೆಂಬ ಪಿಸುಮಾತು ಹುಟ್ಟುವುದು. ಕೂಸು ಹುಟ್ಟಿದ ವರ್ಷ ನೆರೆ ಬಂದರೆ ಕೂಸಿನ ನಕ್ಷತ್ರವು ಕೆಟ್ಟದ್ದಾಗುವುದು. ಎತ್ತು ಸತ್ತರೆ, ಬಾವಿ ಬತ್ತಿದರೆ, ಗೋಡೆ ಬಿದ್ದರೆ ಎಲ್ಲವೂ ಆ ಎಳೆಯ ಹೆಣ್ಣಿನ ಲೆಕ್ಕಕ್ಕೆ. ಇಪ್ಪತ್ತು ಇಪ್ಪತ್ತೆರಡು ವರ್ಷದ ಹುಡುಗಿ, ತವರನ್ನು ಬಿಟ್ಟು ಬಂದವಳು, ಗಂಡನ ಸಂಗಡ ಎಡೆ ಹೊಡೆದು ಕಳೆ ತೆಗೆದು ದುಡಿಯುವವಳು, ರಾತ್ರಿ ಹಾಸಿಗೆಯಲ್ಲಿ ತನ್ನ ಪಾದವನ್ನು ತಾನೇ ಶಪಿಸಿಕೊಳ್ಳುವಂತಾಗುವುದು. ಇಷ್ಟಲಿಂಗವನ್ನು ಧರಿಸಿದ ಮನೆಗಳಲ್ಲಿಯೂ ಇದು ನಡೆಯುತ್ತಿದೆಯಲ್ಲಾ ಎಂಬುದು ಸಂಕಟದ ಸಂಗತಿ.

ಶರಣರ ನಿಲುವು ಈ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟವಾಗಿದೆ. ಮದುವೆಯ ಸಂದರ್ಭದಲ್ಲಿ ರಾಶಿ, ತಾರಾಬಲ, ಚಂದ್ರಬಲಗಳನ್ನು ಎಣಿಸುವವರನ್ನು ಬಸವಣ್ಣನವರು ನೇರವಾಗಿಯೇ ಎದುರಿಸಿ, ಶರಣರಲ್ಲಿ ಒಬ್ಬರು ಕೇಳಿದಾಗ ಆ ಹೊತ್ತೇ ಶುಭವಾದ ಹೊತ್ತೆಂದು ಸಾರಿದರು. ಶಿವಭಕ್ತಿಯಿದ್ದಲ್ಲಿ ಅಶುಭವಾದ ದಿನವಿಲ್ಲ. ಅದಿಲ್ಲದಲ್ಲಿ ಶುಭದಿನದಿಂದ ಆಗುವ ಪ್ರಯೋಜನವಿಲ್ಲ. ದಿನಕ್ಕೇ ದೋಷವಿಲ್ಲವೆಂದ ಮೇಲೆ ಮನುಷ್ಯಳ ಪಾದಕ್ಕೆ ದೋಷವೆಲ್ಲಿಯದು? ಲಿಂಗವನ್ನು ಧರಿಸಿದ ಅಂಗವನ್ನು ಶರಣರು ಲಿಂಗದ ನೆಲೆಯೆಂದು ಕಂಡರು. ಆ ಅಂಗದ ಕಾಲನ್ನು ಅಪಶಕುನವೆನ್ನುವವನು ಹೆಣ್ಣನ್ನು ಮಾತ್ರ ಹಳಿದಂತಾಗಲಿಲ್ಲ, ತಾನು ಪೂಜಿಸುವುದನ್ನೇ ಹಳಿದಂತಾಯಿತು.

ಯುಕ್ತಿಯಿಂದ ನೋಡಿದರೂ ಈ ಮೂಢನಂಬಿಕೆ ನಿಲ್ಲಲಾರದು. 1791–92ರಲ್ಲಿ ಈ ಸೀಮೆಯನ್ನು ಹಾಳುಗೆಡವಿದ ಡೋಗಿ ಬರವನ್ನು ಜನರು ಇಂದಿಗೂ ನೆನೆಯುತ್ತಾರೆ. 1876–78ರ ಮಹಾಕ್ಷಾಮದಲ್ಲಿ ಮೈಸೂರು, ಮದರಾಸು, ಮುಂಬಯಿ ಪ್ರಾಂತ್ಯಗಳಲ್ಲಿ ಲಕ್ಷಾಂತರ ಜನರು ಅನ್ನವಿಲ್ಲದೆ ಮಡಿದರು. ಅಷ್ಟು ಜನರನ್ನು ಕೊಂದದ್ದು ಯಾವ ಊರಿನ ಯಾವ ಸೊಸೆಯ ಕಾಲು? ಆ ಕ್ಷಾಮದ ಕಾಲದಲ್ಲಿಯೂ ಶಾಂತಸಾಗರವು ಬಹಳವಾಗಿ ಕಾದಿತ್ತೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. 2023ರಲ್ಲಿ 223 ತಾಲ್ಲೂಕುಗಳಲ್ಲಿ ಬರ ಬಿದ್ದಿತಷ್ಟೆ. ಆ ತಾಲ್ಲೂಕುಗಳ ಊರೂರುಗಳಲ್ಲಿ ಅದೇ ವರ್ಷ ಮದುವೆಗಳಾಗಿವೆ. ಸಾವಿರ ಸಾವಿರ ಮದುವಣಗಿತ್ತಿಯರ ಕಾಲ್ಗುಣವು ಒಟ್ಟಿಗೇ ಕೆಟ್ಟಿತೆ? ಮರುವರ್ಷ ಮಳೆ ಹೆಚ್ಚಾದಾಗ ಆ ಕಾಲುಗಳೇ ಒಳ್ಳೆಯವಾದವೆ? ಅತ್ತೆಯಾದವಳು ಇದನ್ನು ಒಂದು ಗಳಿಗೆ ಕುಳಿತು ಯೋಚಿಸಿದರೆ ಸಾಕು. ಅದಕ್ಕಿಂತ ಮೊದಲು ಗಂಡನಾದವನು ಬಾಯಿ ತೆರೆದು ಹೇಳಬೇಕು. ಹೆಂಡತಿಯ ಮೇಲೆ ಈ ಮಾತು ಬಂದಾಗ ತಲೆ ತಗ್ಗಿಸಿ ಹೊಲದ ಕಡೆಗೆ ನಡೆಯುವವನು ಸುಮ್ಮನಿದ್ದೇ ಸಾಕ್ಷಿ ನುಡಿದಂತೆ.

ಹಾಗಾದರೆ ರೋಹಿಣಿ, ಮೃಗಶಿರೆ, ಆರಿದ್ರೆಯೆಂದು ಮಳೆಯ ನಕ್ಷತ್ರಗಳನ್ನು ಎಣಿಸುವುದೂ ತಪ್ಪೇ ಎಂದು ಕೇಳುವವರುಂಟು. ಇದು ಬೇರೆ ಮಾತು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವನೆಂಬುದು ಲೆಕ್ಕ. ಮೇ ತಿಂಗಳ ಕೊನೆಯ ವಾರಕ್ಕೆ ರೋಹಿಣಿ, ಜೂನ್ ಮೊದಲನೆಯ ವಾರ ಕಳೆಯುತ್ತಲೆ ಮೃಗಶಿರೆ, ಆಗಸ್ಟಿನ ನಡುವೆ ಮಘೆ, ಸೆಪ್ಟೆಂಬರಿನಲ್ಲಿ ಉತ್ತರೆ, ಅಕ್ಟೋಬರ್ ಕಡೆಯಲ್ಲಿ ಸ್ವಾತಿ ಎಂಬ ಈ ಕ್ರಮವು ಓದು ಬರೆಹ ಇಲ್ಲದ ಒಕ್ಕಲಿಗನೂ ನೆನಪಿನಲ್ಲಿಟ್ಟುಕೊಳ್ಳಬಹುದಾದ ಪಂಚಾಂಗ. ಯಾವ ಮಳೆಗೆ ಹೆಸರು, ಯಾವ ಮಳೆಗೆ ತೊಗರಿ, ಯಾವ ಮಳೆಗೆ ಬಿಳಿಜೋಳ ಎಂಬ ಜ್ಞಾನವು ಅದರೊಡನೆ ಸೇರಿಕೊಂಡಿದೆ. ಎಣಿಕೆಯನ್ನು ಶಕುನವಾಗಿ ಮಾಡಿಕೊಂಡಾಗ ಮಾತ್ರ ದೋಷ. ಕಾರಹುಣ್ಣಿಮೆಯಲ್ಲಿ ಕರಿ ಹರಿಯುವಾಗ ಬಿಳಿಯ ಎತ್ತು ಮುಂದಾಯಿತೋ ಕಂದು ಎತ್ತು ಮುಂದಾಯಿತೋ ಎಂದು ನೋಡಿ ನಲಿಯುವುದರಲ್ಲಿ ಕೇಡಿಲ್ಲ. ಅದನ್ನು ನೋಡಿ ಬೀಜ ಕೊಳ್ಳುವುದು ಮಾತ್ರ ಬೇಡ. ಬೀಜ ಕೊಳ್ಳುವ ಮೊದಲು ಕೃಷಿ ವಿಶ್ವವಿದ್ಯಾನಿಲಯದವರೂ ಹವಾಮಾನ ಇಲಾಖೆಯವರೂ ಹೊರಡಿಸುವ ಸಲಹೆಯನ್ನು ಮೊಬೈಲಿನಲ್ಲಿ ನೋಡುವುದು ಮೇಲು. ಅದೂ ಕೆಲವೊಮ್ಮೆ ತಪ್ಪುವುದು. ಆದರೆ ಎತ್ತಿನ ಓಟಕ್ಕಿಂತ ಕಡಿಮೆ ತಪ್ಪುವುದು.

ಇನ್ನು ಹೆಚ್ಚು ಸೂಕ್ಷ್ಮವಾದ ಪ್ರಶ್ನೆಗೆ ಬರೋಣ. ಮಳೆಯನ್ನು ನಂಬಲಾಗದ ಸೀಮೆಯಲ್ಲಿ ಮನೆಯಲ್ಲಿ ಕಾಳು ಕೂಡಿಡದೆ ಬಾಳುವಂತಿಲ್ಲ. ಆದರೆ ಶರಣರು ಸಂಗ್ರಹವನ್ನು ನಿಂದಿಸಿದರೆಂದು ನಾವು ಓದುತ್ತೇವೆ. ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ಬಲ್ಲದವರಾರು? ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಅದನ್ನು ಕಂಡು ಸಂತೋಷಪಡಲಿಲ್ಲ. ಬೇಕಾದುದಕ್ಕಿಂತ ಮಿಗಿಲಾದುದು ಆಸೆಯೆಂದು ಎಚ್ಚರಿಸಿ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರಬೇಕೆಂದರು. ಇದನ್ನು ಅಕ್ಷರಶಃ ಹಿಡಿದರೆ ವಿಜಯಪುರದ ಒಕ್ಕಲಿಗನು ಹಗೇವನ್ನು ಮುಚ್ಚಿಬಿಡಬೇಕಾಗುವುದು. ಹೆಂಡತಿ ಮಕ್ಕಳಿರುವ ತರುಣನಿಗೆ ಇದು ಬೋಧೆಯೇ, ಶಿಕ್ಷೆಯೇ?

ಕಥೆಯನ್ನು ನಿಧಾನವಾಗಿ ನೋಡಬೇಕು. ಮಾರಯ್ಯನವರದು ದಿನದ ಕಾಯಕ. ದಿನವೂ ಅಕ್ಕಿ ಬೀಳುವುದು, ದಿನವೂ ಆಯುವುದು. ಒಂದು ದಿನದ ಕಾಯಕದಲ್ಲಿ ಒಂದು ದಿನದ ದಾಸೋಹವಿದೆ. ಅಲ್ಲಿ ನಾಳೆಯ ಅಕ್ಕಿಯನ್ನು ಇಂದೇ ತಂದರೆ ಅದು ನಾಳೆಯ ಕಾಯಕದ ಮೇಲಣ ಅಪನಂಬಿಕೆ, ಜೊತೆಗೆ ಬೇರೊಬ್ಬನು ಆಯಬಹುದಾದುದನ್ನು ಕಸಿದುಕೊಂಡಂತೆ. ಒಕ್ಕಲಿಗನ ಕಾಯಕವು ಹಾಗಲ್ಲ. ಹಿಂಗಾರಿಯ ಬಿಳಿಜೋಳವು ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬಿತ್ತಿ, ಎರೆಯ ಹಸಿಯನ್ನೇ ಹೀರಿ ಬೆಳೆದು, ಮಾಘದ ಹೊತ್ತಿಗೆ ಕಣಕ್ಕೆ ಬರುವುದು. ವರ್ಷಕ್ಕೊಮ್ಮೆ ರಾಶಿ. ಆ ಒಂದು ರಾಶಿಯಲ್ಲಿ ಮುನ್ನೂರ ಅರವತ್ತೈದು ದಿನಗಳ ದಾಸೋಹವಿದೆ. ಹಗೇವಿನಲ್ಲಿ ಜೋಳವನ್ನು ಇಡುವುದು ಮಾರಯ್ಯನವರು ಸಂಜೆಯವರೆಗೆ ಅಕ್ಕಿಯನ್ನು ಮಡಿಲಲ್ಲಿ ಇಟ್ಟುಕೊಂಡಂತೆಯೇ ಹೊರತು ಬೇರೆಯಲ್ಲ. ಮಳೆ ಎರಡು ವರ್ಷಕ್ಕೊಮ್ಮೆ ತಪ್ಪುವ ಸೀಮೆಯಲ್ಲಿ ಆ ಸಂಜೆಯು ಎರಡು ವರ್ಷದಷ್ಟು ದೂರವಿರುವುದು.

ಆದರೆ ಲಕ್ಕಮ್ಮನವರ ತಕ್ಕಡಿಯಿಂದ ಇಷ್ಟಕ್ಕೇ ತಪ್ಪಿಸಿಕೊಂಡೆವೆಂದು ತಿಳಿಯಬಾರದು. ಎಷ್ಟು ಸಾಕೆಂದು ಅವರು ಕೇಳಿದರು, ನಾವೂ ಕೇಳಿಕೊಳ್ಳಬೇಕು. ಗಂಡ ಹೆಂಡಿರಿಬ್ಬರು, ಒಂದು ಕೂಸು, ಬಂದುಹೋಗುವ ಜಂಗಮರು ನೆಂಟರು ಎಂದು ಲೆಕ್ಕ ಹಾಕಿದರೂ ವರ್ಷದ ರೊಟ್ಟಿಗೆ ನಾಲ್ಕು ಕ್ವಿಂಟಲ್ ಜೋಳ ಸಾಲುವುದು. ಎರಡು ವರ್ಷಕ್ಕೆ ಎಂಟು. ಬಿತ್ತನೆಯ ಬೀಜ ಬೇರೆ. ಬೆಳೆ ಚೆನ್ನಾಗಿ ಬಂದ ವರ್ಷ ಇಷ್ಟನ್ನು ಮೊದಲು ಎತ್ತಿಟ್ಟು ಆಮೇಲೆ ಪೇಟೆಗೆ ಒಯ್ಯುವುದು ಆಸೆಯಲ್ಲ, ಕೂಸಿನ ಪಾಲನ್ನು ಕಾಯುವುದು. ಎಂಟು ಕ್ವಿಂಟಲಿಗೆ ಬದಲಾಗಿ ಎಂಬತ್ತನ್ನು ಇಟ್ಟುಕೊಂಡು, ಬರದ ವರ್ಷ ನೆರೆಮನೆಯವರು ಕೈಚಾಚಿದಾಗ ಧಾರಣೆ ಇನ್ನೂ ಏರಲೆಂದು ಬಾಗಿಲು ಮುಚ್ಚುವುದಿದೆಯಲ್ಲಾ, ಲಕ್ಕಮ್ಮನವರು ಹೇಳಿದ ಆಸೆ ಅದು. ಕಾಳು ಎಷ್ಟು ಕಾಲ ಮನೆಯಲ್ಲಿತ್ತೆಂಬುದಕ್ಕಿಂತ ಅದು ಯಾರಿಗಾಗಿ ಕಾದಿತ್ತೆಂಬುದನ್ನು ನೋಡಬೇಕು. ದಾಸೋಹಕ್ಕಾಗಿ ಕಾದಿದ್ದರೆ ಅದು ಕಾಯಕದ ಒಂದು ಭಾಗವೇ ಸರಿ.

ಹಗೇವುಗಳು ಈಗ ಅಪರೂಪವಾಗಿವೆ. ಬಹುಮಂದಿ ಚೀಲಗಳಲ್ಲಿಯೂ ತಗಡಿನ ಕಣಜಗಳಲ್ಲಿಯೂ ಇಡುತ್ತಾರೆ. ಇನ್ನೂ ಹಗೇವು ಉಳ್ಳವರು ಅದನ್ನು ತೆರೆದೊಡನೆ ಒಳಗೆ ಇಳಿಯಬಾರದೆಂಬ ಹಿರಿಯರ ಎಚ್ಚರಿಕೆಯನ್ನು ಮರೆಯದಿರಲಿ. ಬಹುಕಾಲ ಮುಚ್ಚಿದ ಕುಣಿಯಲ್ಲಿ ಕೆಟ್ಟ ಗಾಳಿ ತುಂಬಿ ಉಸಿರುಕಟ್ಟುವುದು.

ಲಕ್ಕಮ್ಮನವರ ಕಥೆಯಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಇನ್ನೊಂದು ಅಂಶವಿದೆ. ಗಂಡನು ಏನು ತಂದನು, ಎಷ್ಟು ತಂದನು, ಎಲ್ಲಿಂದ ತಂದನು ಎಂಬುದನ್ನು ಕೇಳುವ ಹಕ್ಕು ಆ ಮನೆಯಲ್ಲಿ ಹೆಂಡತಿಗಿತ್ತು. ಕೇಳಿದಾಗ ಮಾರಯ್ಯನವರು ಮುನಿಯಲಿಲ್ಲ. ಅನುಭಾವದ ಮಾತಿನಲ್ಲಿ ಮೈಮರೆತು ಕಾಯಕವನ್ನು ಮರೆತಾಗಲೂ ಅವರನ್ನು ಎಚ್ಚರಿಸಿದವರು ಲಕ್ಕಮ್ಮನವರೇ. ನಮ್ಮ ತರುಣ ಸಂಸಾರಗಳಲ್ಲಿ ಈ ಹಕ್ಕು ಎಷ್ಟರ ಮಟ್ಟಿಗಿದೆ? ಬರ ಬಿದ್ದ ವರ್ಷ ಗಂಡನು ಬ್ಯಾಂಕಿನಲ್ಲಿ ಎಷ್ಟು ಸಾಲ ಮಾಡಿದನು, ಅದು ಸಾಲದೆ ಬಡ್ಡಿಗೆ ಯಾರಿಂದ ಕೈಗಡ ತಂದನು, ತವರಿನ ಬಂಗಾರವನ್ನು ಎಲ್ಲಿ ಒತ್ತೆಯಿಟ್ಟನು ಎಂಬುದು ಹೆಂಡತಿಗೆ ಗೊತ್ತಿರುವುದೇ ಇಲ್ಲ. ಅವಳನ್ನು ನೋಯಿಸಬಾರದೆಂದು ಅವನು ಮುಚ್ಚಿಡುವನು. ಮುಚ್ಚಿಟ್ಟದ್ದು ಒಳಗೇ ಬೆಳೆಯುವುದು. ಕಡೆಗೆ ಒಂದು ದಿನ ಅವನಿಗೆ ಬಾಳೇ ಬೇಡವೆನಿಸುವುದು. ಇಂಥ ಸಾವುಗಳ ಸುದ್ದಿಯನ್ನು ಓದದ ತಿಂಗಳಿಲ್ಲ. ಆ ಮೇಲೆ ಸಾಲಗಾರನು ಬಾಗಿಲಿಗೆ ಬಂದಾಗ, ತೊಟ್ಟಿಲ ಕೂಸನ್ನು ಎತ್ತಿಕೊಂಡ ಆ ಹೆಣ್ಣು ಮೊದಲ ಬಾರಿಗೆ ಲೆಕ್ಕವನ್ನು ಕೇಳುವಳು.

ಪ್ರಾಣವನ್ನೇ ಲಿಂಗವೆಂದು ಕಾಣುವ ನೆಲೆಗೆ ಶರಣರು ಪ್ರಾಣಲಿಂಗಿಸ್ಥಲವೆಂದು ಹೆಸರಿಟ್ಟರು. ಆ ಪ್ರಾಣವು ಮಳೆ ತಪ್ಪಿದ್ದಕ್ಕೆ ಈಡಾಗಿ ಒತ್ತೆಯಿಡತಕ್ಕ ಒಡವೆಯಲ್ಲ. ಆದುದರಿಂದ ಸಾಲದ ಮಾತನ್ನು ಹೆಂಡತಿಗೆ ಅಂದಂದೇ ಹೇಳಿಬಿಡಬೇಕು. ಇಬ್ಬರೂ ಕೂಡಿ ಕಾಗದದ ಮೇಲೆ ಬರೆಯಬೇಕು. ಮನಸ್ಸು ತೀರ ಕುಗ್ಗಿದಾಗ ಒಬ್ಬನೇ ಹೊಲಕ್ಕೆ ಹೋಗಿ ಕುಳಿತುಕೊಳ್ಳದೆ ಊರ ಹಿರಿಯರ ಬಳಿಗೆ, ಗುರುಗಳ ಬಳಿಗೆ, ವೈದ್ಯರ ಬಳಿಗೆ ಹೋಗಬೇಕು. ಮಠದ ಬಾಗಿಲು ಶಿವರಾತ್ರಿಗೆ ಮಾತ್ರ ತೆರೆಯುವುದಲ್ಲ.

ಎಲ್ಲವೂ ಶಿವನಿಚ್ಛೆ, ಮಳೆ ಬಂದರೂ ಪ್ರಸಾದ, ಬಾರದಿದ್ದರೂ ಪ್ರಸಾದ, ನಾವು ಮಾಡುವುದೇನಿದೆ ಎಂದು ಕೈಕಟ್ಟಿ ಕೂರುವವರ ಮಾತನ್ನೂ ಪರೀಕ್ಷಿಸಬೇಕು. ಪ್ರಸಾದವೆಂಬುದು ಅರ್ಪಿಸಿದ ಮೇಲೆ ಮರಳಿ ಬಂದದ್ದು. ಅರ್ಪಿಸದೆ ಪ್ರಸಾದವಿಲ್ಲ. ಒಕ್ಕಲಿಗನು ಅರ್ಪಿಸುವುದು ಬೆಳೆಯನ್ನಲ್ಲ, ಏಕೆಂದರೆ ಬೆಳೆ ಇನ್ನೂ ಅವನದಾಗಿಲ್ಲ. ಅವನು ಅರ್ಪಿಸುವುದು ಹರಗಿದ ಹೊಲವನ್ನು, ಕಟ್ಟಿದ ಒಡ್ಡನ್ನು, ಹದ ನೋಡಿ ಕೂರಿಗೆ ಹೂಡಿದ ಹೊತ್ತನ್ನು. ಇವನ್ನು ಅರ್ಪಿಸಿದವನಿಗೆ ಹತ್ತು ಚೀಲ ಬಂದರೂ ಪ್ರಸಾದ, ಎರಡು ಚೀಲ ಬಂದರೂ ಪ್ರಸಾದ. ಒಡ್ಡು ಒಡೆದುದನ್ನು ಕಂಡೂ ಕಾಣದಂತಿದ್ದು, ಮಣ್ಣು ಕೊಚ್ಚಿಹೋದ ಮೇಲೆ ಅದನ್ನು ಶಿವನಿಚ್ಛೆಯೆನ್ನುವುದು ಶಿವನ ಮೇಲೆ ಹೊರಿಸಿದ ಅಪವಾದ.

ಈ ವಿಷಯದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರ ಉದಾಹರಣೆ ಬಹು ಉಚಿತವಾದುದು. ಇಂದಿನ ಸೊಲ್ಲಾಪುರವೇ ಆ ಸೊನ್ನಲಿಗೆ. ವಿಜಯಪುರದಂತೆಯೇ ಮಳೆನೆರಳಿನ ಸೀಮೆ. ಅಲ್ಲಿ ಅವರು ಜನರನ್ನು ಕೂಡಿಸಿ ಕೆರೆ ತೋಡಿಸಿದರು. ರಾಘವಾಂಕನು ತನ್ನ ಸಿದ್ಧರಾಮ ಚಾರಿತ್ರದಲ್ಲಿ ಅವರ ಕಥೆಯನ್ನು ಹಾಡಿದ್ದಾನೆ. ಆ ಕೆರೆಯ ನಡುವೆ ಸಿದ್ಧೇಶ್ವರ ಗುಡಿಯನ್ನು ಇಂದಿಗೂ ಕಾಣಬಹುದು. ಆದರೆ ಅಲ್ಲಮಪ್ರಭುದೇವರು ಅಲ್ಲಿಗೆ ಬಂದಾಗ ಸಿದ್ಧರಾಮರನ್ನು ಹೊಗಳಲಿಲ್ಲ. ಮಣ್ಣು ಅಗೆಯುವ ಒಡ್ಡನೆಂದು ಜರೆದರೆಂದು ಶೂನ್ಯಸಂಪಾದನೆ ಹೇಳುವುದು. ಪ್ರಭುದೇವರಿಗೆ ಬಾಯಾರಿದವರ ನೀರು ಬೇಡವಾಗಿತ್ತೆಂದು ಇದರ ಅರ್ಥವಲ್ಲ. ಕೆರೆ ಕಟ್ಟಿದೆನೆಂಬ ಅಭಿಮಾನವು ಕೆರೆಗಿಂತ ಆಳವಾಗಿ ಒಳಗೆ ತೋಡಿಕೊಂಡಿದ್ದನ್ನು ಅವರು ಕಂಡರು. ಸಿದ್ಧರಾಮರು ಕಲ್ಯಾಣಕ್ಕೆ ಬಂದು ಅರಿವನ್ನು ಪಡೆದರು. ಅವರ ಕೆರೆಯನ್ನು ಯಾರೂ ಮುಚ್ಚಿಸಲಿಲ್ಲ. ಆಕಾಶವನ್ನು ಗೆದ್ದೆನೆಂದು ಬೀಗದೆ ನೆಲದಲ್ಲಿ ನೀರು ನಿಲ್ಲಿಸುವುದು, ಇದು ನಮಗೆ ಅಲ್ಲಿಂದ ಸಿಗುವ ಪಾಠ.

ಅದೇ ಸೊಲ್ಲಾಪುರದಲ್ಲಿಯೂ ವಿಜಯಪುರ, ರಾಯಚೂರು, ಹಗರಿಗಳಲ್ಲಿಯೂ 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾಯಿತು. ಆ ಕೇಂದ್ರಗಳು ಕಲಿಸಿದ್ದರಲ್ಲಿ ಬಹುಭಾಗವು ತರುಣ ದಂಪತಿಗಳು ತಮ್ಮ ಕೈಯಿಂದಲೇ ಮಾಡಬಹುದಾದುದು. ಹಿಂಗಾರಿ ಬಿತ್ತುವ ಎರೆ ಹೊಲವನ್ನು ಮುಂಗಾರಿಯಲ್ಲಿ ಚೌಕು ಮಡಿಗಳಾಗಿ ಮಾಡಿದರೆ ಬಿದ್ದ ಮಳೆ ಬಿದ್ದಲ್ಲಿಯೇ ಇಂಗುವುದು. ಉತ್ತರೆ ಹಸ್ತೆಗಳು ಕೈಕೊಟ್ಟರೂ ಜೋಳವು ಆ ಹಸಿಯ ಮೇಲೆ ಜೀವ ಹಿಡಿಯುವುದು. ಮೊದಲ ಮಳೆಗೇ ಇದ್ದ ಬೀಜವನ್ನೆಲ್ಲ ಬಿತ್ತಿಬಿಡದೆ ಎರಡನೆಯ ಬಿತ್ತನೆಗೆ ಸಾಕಷ್ಟನ್ನು ಉಳಿಸಿಕೊಳ್ಳುವುದು, ಒಂದೇ ಬೆಳೆಯನ್ನು ನಂಬದೆ ಅಕ್ಕಡಿ ಹಾಕುವುದು, ಕಣಿಕೆಯ ಬಣವೆಯನ್ನು ನೆರೆ ತಾಗದ ಎತ್ತರದಲ್ಲಿ ಒಟ್ಟುವುದು ಇವೆಲ್ಲ ಹೊಸ ಮಾತುಗಳಲ್ಲ. ಬೆಳೆವಿಮೆಯನ್ನು ಮಾಡಿಸುವುದೂ ಈಗ ಇದರಲ್ಲಿಯೇ ಸೇರುವುದು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಧಾನ್ಯದ ಬೆಳೆಗಳಿಗೆ ಮುಂಗಾರಿಯಲ್ಲಿ ವಿಮಾಮೊತ್ತದ ಶೇಕಡಾ 2, ಹಿಂಗಾರಿಯಲ್ಲಿ ಶೇಕಡಾ ಒಂದೂವರೆ ರೈತನ ಪಾಲು. ಆಲಿಕಲ್ಲಿನಿಂದಲೋ ನೀರು ನಿಂತೋ ಬೆಳೆ ಕೆಟ್ಟರೆ 72 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮವಿದೆ. ದುಃಖದಲ್ಲಿ ಮೂರು ದಿನ ಮಲಗಿದವನಿಗೆ ಆ ಗಡುವು ಕಾಯುವುದಿಲ್ಲ. ಅಂಥ ವೇಳೆ ಹೆಂಡತಿಯೇ ಫೋನು ಮಾಡಿ ತಿಳಿಸುವಂತಿರಬೇಕು. ಅದಕ್ಕಾಗಿಯೂ ಕಾಗದಪತ್ರಗಳು ಎಲ್ಲಿವೆಯೆಂದು ಅವಳಿಗೆ ಗೊತ್ತಿರಬೇಕು.

ಕೃಷಿಹೊಂಡ ತೋಡಿಸಿದವರಿಗೆ ಒಂದು ಮಾತು. ನೀರು ಹಿಡಿಯಲೆಂದು ಹಾಸಿದ ಪ್ಲಾಸ್ಟಿಕ್ ಹಾಳೆ ಜಾರುವುದು. ಅದರೊಳಗೆ ಬಿದ್ದ ಮಗು ಹತ್ತಿ ಬರಲಾರದು. ಹೊಂಡಕ್ಕೆ ಬೇಲಿ ಹಾಕಿಸದೆ ಕೂಸನ್ನು ಹೊಲಕ್ಕೆ ಕರೆದೊಯ್ಯಬಾರದು. ಹಾಗೆಯೇ ಏಪ್ರಿಲ್ ಮೇ ತಿಂಗಳುಗಳ ಅಡ್ಡಮಳೆಯಲ್ಲಿ ಸಿಡಿಲು ಹೆಚ್ಚು. ಕೂಸನ್ನು ಬೇವಿನ ಮರದ ಜೋಳಿಗೆಯಲ್ಲಿ ಮಲಗಿಸಿ ದುಡಿಯುವ ತಾಯಂದಿರು ಗುಡುಗಿನ ಸದ್ದು ಕೇಳಿದೊಡನೆ ಮರವನ್ನು ಬಿಟ್ಟು ಗಟ್ಟಿ ಮಾಳಿಗೆಯ ಕೆಳಗೆ ಹೋಗತಕ್ಕದ್ದು. ನೆರೆ ಇಳಿದ ಮೇಲೆ ಬಾವಿಯ ನೀರನ್ನು ಕುದಿಸದೆ ಮಕ್ಕಳಿಗೆ ಕುಡಿಸಕೂಡದು. ಇವನ್ನು ಲೌಕಿಕವೆಂದು ತಳ್ಳಿಹಾಕುವವರು ಕೂಸಿನ ಕೊರಳಿಗೆ ಲಿಂಗವನ್ನು ಕಟ್ಟಿದ್ದೇಕೆಂಬುದನ್ನು ನೆನೆಯಲಿ.

ಎಲ್ಲ ಪ್ರಯತ್ನವೂ ಸೋತು ಗುಳೆ ಹೋಗಬೇಕಾಗಿ ಬಂದರೆ? ಬರದ ವರ್ಷ ನಮ್ಮ ಊರುಗಳಿಂದ ಗೋವೆಗೆ, ಮುಂಬಯಿಗೆ, ಬೆಂಗಳೂರಿಗೆ ತರುಣ ಸಂಸಾರಗಳು ಗಂಟು ಕಟ್ಟಿಕೊಂಡು ಹೊರಡುತ್ತವೆ. ಹಾಗೆ ಹೋದವರನ್ನು ನೆಲೆಗೆಟ್ಟವರೆಂದು ಆಡಿಕೊಳ್ಳುವ ಚಾಳಿ ಊರಿನವರಲ್ಲುಂಟು. ಇದು ಶರಣರ ದಾರಿಯಲ್ಲ. ಮಾರಯ್ಯ ಲಕ್ಕಮ್ಮನವರೇ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಪರವೂರಿನ ಅಂಗಳದಲ್ಲಿ ಅಕ್ಕಿ ಆಯ್ದು ಬಾಳಿದ ಅವರಲ್ಲಿ ದೈನ್ಯವಿರಲಿಲ್ಲ, ಏಕೆಂದರೆ ಕಾಯಕಕ್ಕೆ ಊರಿನ ಕಟ್ಟಿಲ್ಲ. ಗುಳೆ ಹೋಗುವವರು ಎರಡನ್ನು ಮಾತ್ರ ಮರೆಯದಿರಲಿ. ಕೂಸಿನ ಲಸಿಕೆಯ ಕಾರ್ಡನ್ನು ಸಂಗಡ ಒಯ್ದು ಹೋದ ಊರಿನಲ್ಲಿಯೂ ಲಸಿಕೆ ಹಾಕಿಸಬೇಕು. ಶಾಲೆಗೆ ಹೋಗುವ ಮಗುವಿದ್ದರೆ ಅಲ್ಲಿನ ಶಾಲೆಗೆ ಸೇರಿಸಬೇಕು, ಇಲ್ಲವೆ ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ಓದಿಸಬೇಕು. ಒಂದು ಬರವು ತಂದೆಯ ಒಂದು ವರ್ಷವನ್ನು ತಿಂದರೆ ಸಾಕು. ಮಗುವಿನ ವಿದ್ಯೆಯನ್ನೂ ತಿನ್ನುವಂತಾಗಬಾರದು.

ಊರಿನಲ್ಲಿ ಉಳಿದವರಿಗೂ ಕಾಯಕವಿದೆ. ಗುಳೆ ಹೋದವರ ಮನೆಯ ಮುದುಕರಿಗೆ ಎರಡು ರೊಟ್ಟಿ ಹೆಚ್ಚು ಬಡಿಯುವುದು, ಅವರ ಒಂದು ಎತ್ತಿಗೆ ನಮ್ಮ ಬಣವೆಯಿಂದ ಮೇವು ಹಾಕುವುದು ದಾಸೋಹವೇ. ಎಳ್ಳಮವಾಸ್ಯೆಯ ದಿನ ಹೊಲದ ನಾಲ್ಕು ಮೂಲೆಗೆ ಚರಗ ಚೆಲ್ಲುವ ಪದ್ಧತಿಯನ್ನು ಕೆಲವರು ಬರಿಯ ರೂಢಿಯೆಂದು ಹಗುರವಾಗಿ ಕಾಣುತ್ತಾರೆ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದ ತಾಯಿ ಹಕ್ಕಿಗೂ ಇರುವೆಗೂ ಒಂದು ತುತ್ತು ಎಸೆಯುವುದರಲ್ಲಿ ಯಾವ ಮೂಢತನವೂ ನನಗೆ ಕಾಣದು. ಬೆಳೆ ಬಡವಾದ ವರ್ಷವೂ ಆ ತುತ್ತನ್ನು ಬಿಡದ ಮನೆಗಳಿವೆ. ಅಂಥ ವರ್ಷ ಬುಟ್ಟಿ ಚಿಕ್ಕದಾಗುವುದು. ಹೊಲದಲ್ಲಿ ಕುಳಿತು ಉಣ್ಣುವಾಗ ಪಕ್ಕದ ಹೊಲದವರನ್ನು ಕೂಗಿ ಕರೆಯುವುದು ಮಾತ್ರ ತಪ್ಪುವುದಿಲ್ಲ.